ಹೃದಯಕಮಲದ ಪೀಠಶುದ್ಧಿ
(ಮಧ್ವನವಮಿಯ ಉಪನ್ಯಾಸ)

|| ಶ್ರೀ ಹರಿವಾಯುಗುರುಭ್ಯೋ ನಮಃ ||



ಮಾಘ ಶುದ್ಧ ನವಮಿಯು ಶ್ರೀಮದಾಚಾರ್ಯರು ಉಡುಪಿಯ ಶ್ರೀ ಅನಂತೇಶ್ವರ ದೇವಾಲಯದಲ್ಲಿ ಶಿಷ್ಯರಿಗೆ ಐತರೇಯೋಪನಿಷತ್ತಿನ ಪಾಠವನ್ನು ಹೇಳುತ್ತಿದ್ದಾಗಲೇ ಲೋಕದ ಕಣ್ಣಿಗೆ ಅದೃಶ್ಯರಾಗಿ ಬದರಿಗೆ ತೆರಳಿದ ಪುಣ್ಯದಿನವಾಗಿದೆ. ಇದು ಕ್ರಿ. ಶ. 1317ರಲ್ಲಿ ನಡೆಯಿತೆಂಬುದು ರೂಢಿಯಲ್ಲಿರುವ ಗಣನೆ. ಆ ಕೊನೆಯ ಪಾಠವು ಪ್ರಾಣದೇವರ ಮಹಿಮೆಯನ್ನೂ, ಪ್ರಾಣನಿಗೂ ಪ್ರಾಣನಾದ ಶ್ರೀಹರಿಯ ಮಹಿಮೆಯನ್ನೂ ಸಾರುವ ಉಪನಿಷತ್ತಿನದಾಗಿತ್ತೆಂಬುದು ಮನನ ಮಾಡತಕ್ಕ ಸಂಗತಿ. ಆದುದರಿಂದ ಈ ದಿನ ಪ್ರಾಣದೇವರು ಹರಿಯೊಡನೆ ನೆಲೆಸಿರುವ ಹೃದಯಕಮಲದ ವಿಷಯವಾಗಿ ಕೆಲವು ಮಾತುಗಳನ್ನು ವಿಜ್ಞಾಪಿಸಿಕೊಳ್ಳುವೆನು.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ಮನೆಗಳ ತರುಣರು ಈಗ ಯೋಗದ ತರಗತಿಗಳಲ್ಲಿ "ಹೃದಯಚಕ್ರ" ಅಥವಾ "ಅನಾಹತಚಕ್ರ"ವೆಂಬ ಮಾತನ್ನು ಕೇಳಿಬರುತ್ತಾರೆ. ಅದು ಮುಚ್ಚಿಕೊಂಡರೆ ಪ್ರೀತಿ ಬತ್ತುವುದು, ಸಮತೋಲನಕ್ಕೆ ಬಂದರೆ ದುಃಖ ಕರಗುವುದು ಎಂದು ಅವರಿಗೆ ಹೇಳಲಾಗಿದೆ. "ಇದು ನಮ್ಮ ಶಾಸ್ತ್ರದಲ್ಲಿ ಇದೆಯೇ?" ಎಂದು ಅವರು ಕೇಳುವಾಗ ಹಿರಿಯರು ಸುಮ್ಮನಿರುವುದು ಸರಿಯಲ್ಲ; ಗದರಿಸುವುದೂ ಸರಿಯಲ್ಲ. ಪ್ರಶ್ನೆ ಯೋಗ್ಯವಾದುದೇ ಆಗಿದೆ. ಉತ್ತರವನ್ನು ನಾವು ತಿಳಿದಿರಬೇಕು.

ತಂತ್ರಗ್ರಂಥಗಳು ದೇಹದಲ್ಲಿ ಆರು ಚಕ್ರಗಳನ್ನು ಹೇಳುತ್ತವೆ. 16ನೆಯ ಶತಮಾನದ ಪೂರ್ಣಾನಂದ ಯತಿಯ "ಷಟ್ಚಕ್ರನಿರೂಪಣ"ವೆಂಬ ಗ್ರಂಥವು ಇದರಲ್ಲಿ ಪ್ರಸಿದ್ಧವಾದುದು. 1919ರಲ್ಲಿ ಸರ್ ಜಾನ್ ವುಡ್ರಾಫ್ ಅವರು ಇದನ್ನು ಇಂಗ್ಲಿಷಿಗೆ ತಂದ ಮೇಲೆ ಚಕ್ರಗಳ ವಿಚಾರವು ಪಶ್ಚಿಮ ದೇಶಗಳಲ್ಲಿ ಹಬ್ಬಿತು. ಆ ಗ್ರಂಥದ ಪ್ರಕಾರ ಅನಾಹತವು ಹೃದಯಸ್ಥಾನದಲ್ಲಿರುವ ಹನ್ನೆರಡು ದಳದ ಪದ್ಮ, ಬಂದುಗೆಯ ಹೂವಿನಂತೆ ಕೆಂಪು ಕಾಂತಿಯುಳ್ಳದ್ದು, ದಳಗಳಲ್ಲಿ ಕಕಾರದಿಂದ ಠಕಾರದವರೆಗಿನ ಅಕ್ಷರಗಳು, ನಡುವೆ ಆರು ಕೋಣದ ವಾಯುಮಂಡಲ, ಬೀಜಾಕ್ಷರವು "ಯಂ". ಇಂದಿನ ಚಿತ್ರಪಟಗಳಲ್ಲಿ ಕಾಣುವ ಹಸಿರು ಬಣ್ಣವು ಈ ವರ್ಣನೆಯಲ್ಲಿಲ್ಲ. ಅದು ಈಚಿನ ಕಲ್ಪನೆ. ಬಣ್ಣ ಹೇಗೇ ಇರಲಿ, ಹೃದಯದ ಕಮಲವನ್ನು ವಾಯುವಿನ ಸ್ಥಾನವೆಂದು ಅವರೂ ಹೇಳಿರುವುದನ್ನು ಮಾತ್ರ ನೆನಪಿನಲ್ಲಿಡತಕ್ಕದ್ದು.

ಇನ್ನು ನಮ್ಮ ವೇದಾಂತದ ಮಾತು. ಛಾಂದೋಗ್ಯೋಪನಿಷತ್ತಿನ ಎಂಟನೆಯ ಅಧ್ಯಾಯವು ದಹರವಿದ್ಯೆಯಿಂದ ಆರಂಭವಾಗುತ್ತದೆ. ಈ ದೇಹವೇ ಬ್ರಹ್ಮನ ಪುರ; ಅದರಲ್ಲಿ ಚಿಕ್ಕದೊಂದು ಕಮಲದ ಮನೆ; ಆ ಮನೆಯೊಳಗೆ ಸೂಕ್ಷ್ಮವಾದ ಆಕಾಶ; ಅಲ್ಲಿ ಇರುವುದನ್ನು ಹುಡುಕಬೇಕು ಎಂಬುದು ಅಲ್ಲಿಯ ಉಪದೇಶ. ಹಾಗೆ ಹುಡುಕಬೇಕಾದ ವಸ್ತು ಭೂತಾಕಾಶವೂ ಅಲ್ಲ, ಜೀವನೂ ಅಲ್ಲ, ಶ್ರೀವಿಷ್ಣುವೇ ಎಂದು ಬ್ರಹ್ಮಸೂತ್ರದ ದಹರಾಧಿಕರಣದಲ್ಲಿ ಶ್ರೀಮದಾಚಾರ್ಯರು ನಿರ್ಣಯಿಸಿರುವರು. "ಹೃದಯ"ವೆಂಬ ಹೆಸರಿಗೂ ಉಪನಿಷತ್ತು ಇದೇ ಅರ್ಥವನ್ನು ಹೇಳುತ್ತದೆ: "ಇವನು ಹೃತ್ತಿನಲ್ಲಿದ್ದಾನೆ" ಎಂಬ ಕಾರಣದಿಂದಲೇ ಅದು ಹೃದಯ. ಹೀಗಾಗಿ ಹೃದಯವೆಂಬ ಮಾತನ್ನು ಉಚ್ಚರಿಸಿದಾಗಲೆಲ್ಲ ನಾವು ಅರಿಯದೆಯೇ ಒಳಗಿರುವ ಒಡೆಯನ ಗುರುತನ್ನು ಹೇಳಿದಂತಾಯಿತು.

ಈಗ "ಅನಾಹತ"ವೆಂಬ ಶಬ್ದವನ್ನು ವಿಚಾರಿಸೋಣ. ಆಹತವೆಂದರೆ ಪೆಟ್ಟು ತಿಂದದ್ದು. ಪೆಟ್ಟಿಲ್ಲದೆ ಹುಟ್ಟುವ ನಾದವು ಅನಾಹತ ನಾದ ಎಂದು ಯೋಗಶಾಸ್ತ್ರದವರು ಅರ್ಥ ಹೇಳುವರು. ಅದೇ ದಹರವಿದ್ಯೆಯಲ್ಲಿ, ದೇಹವು ಮುಪ್ಪಾದರೂ ಹೃದಯದಲ್ಲಿರುವವನಿಗೆ ಮುಪ್ಪಿಲ್ಲ, ದೇಹವನ್ನು ಹೊಡೆದರೂ ಅವನಿಗೆ ಹೊಡೆತವಿಲ್ಲ ಎಂದು ಹೇಳಿದೆ. ಹೊಡೆತವೆಂಬ ಅರ್ಥದ ಧಾತು ಎರಡು ಕಡೆಯೂ ಒಂದೇ. ಆದುದರಿಂದ ನಮ್ಮ ದೃಷ್ಟಿಯಲ್ಲಿ ನಿಜವಾದ ಅನಾಹತನು ಶ್ರೀಹರಿಯೊಬ್ಬನೇ. ಜೀವನು ಆಹತನು, ಮಾತಿನ ಪೆಟ್ಟು, ಅಪಮಾನದ ಪೆಟ್ಟು, ಅಗಲಿಕೆಯ ಪೆಟ್ಟು ಅವನಿಗೆ ತಾಕುತ್ತಲೇ ಇರುವುವು. ಪೆಟ್ಟು ತಿಂದವನೂ ಪೆಟ್ಟೇ ತಾಕದವನೂ ಒಂದೇ ಕಮಲದಲ್ಲಿ ವಾಸವಾಗಿದ್ದಾರೆ. ತನ್ನ ಮಗ್ಗುಲಲ್ಲಿರುವವನನ್ನು ಜೀವನು ನೋಡುತ್ತಿಲ್ಲ. ತನ್ನ ಗಾಯವನ್ನೇ ನೋಡಿಕೊಳ್ಳುತ್ತಿದ್ದಾನೆ. ಹೃದಯದ ಸಮತೋಲನ ಕೆಡುವುದು ಇಲ್ಲಿಯೇ.

ಒಂದು ಗಾಯದಿಂದ ಮನುಷ್ಯನ ಇಡೀ ಬಾಳೇ ಹೇಗೆ ನೋಯುತ್ತದೆ? ಇದಕ್ಕೆ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಬರುವ ಚಂದನದ ದೃಷ್ಟಾಂತವು ಸಹಾಯವಾಗುವುದು. ಜೀವನು ಅಣುಪರಿಮಾಣನು, ಹೃದಯದಲ್ಲಿದ್ದಾನೆ. ಆದರೂ ದೇಹದ ಒಂದು ಕಡೆ ಹಚ್ಚಿದ ಗಂಧವು ಮೈಗೆಲ್ಲ ತಂಪು ಕೊಡುವಂತೆ ಅವನ ಚೈತನ್ಯವು ದೇಹವನ್ನೆಲ್ಲ ವ್ಯಾಪಿಸುತ್ತದೆ. ಗಂಧದ ತಂಪಿನಂತೆ ಮುಳ್ಳಿನ ಉರಿಯೂ ವ್ಯಾಪಿಸುತ್ತದೆ. ಹೃದಯದಲ್ಲಿ ಒಬ್ಬನ ಮೇಲಣ ವೈರವನ್ನು ಇಟ್ಟುಕೊಂಡವನ ಊಟ, ನಿದ್ರೆ, ಜಪ ಎಲ್ಲಕ್ಕೂ ಅದರ ಉರಿ ತಟ್ಟುವುದು.

ಹಲವು ವರ್ಷಗಳ ಹಿಂದೆ ಗೃಹಸ್ಥರೊಬ್ಬರು ನನ್ನ ಬಳಿಗೆ ಬಂದರು. ಸಂಧ್ಯಾವಂದನೆ, ದೇವರಪೂಜೆ ಒಂದು ದಿನವೂ ತಪ್ಪಿಸಿದವರಲ್ಲ. "ಆಚಾರ್ಯರೇ, ಪೂಜೆಗೆ ಕುಳಿತು ಆವಾಹನೆಗೆಂದು ಕಣ್ಣು ಮುಚ್ಚಿದರೆ ದೇವರ ಬದಲು ನನ್ನ ತಮ್ಮನ ಮುಖ ಕಾಣುತ್ತದೆ. ಹನ್ನೊಂದು ವರ್ಷವಾಯಿತು, ಮಾತಿಲ್ಲ. ಏನು ಮಾಡಲಿ?" ಎಂದರು. ವಿಚಾರಿಸಿದಾಗ ತಿಳಿದದ್ದಿಷ್ಟು. ಮನೆ ಭಾಗವಾದಾಗ ತಾತನ ಕಾಲದ ದೇವರ ಪೆಟ್ಟಿಗೆ ಇವರಲ್ಲಿ ಉಳಿಯಿತು. ಅದರಲ್ಲಿದ್ದ ಸಾಲಿಗ್ರಾಮಗಳಲ್ಲಿ ಒಂದನ್ನು ತಮ್ಮನು ಕೇಳಿದನು. ಇವರು ಕೊಡಲಿಲ್ಲ. ತಮ್ಮನು ಕಟುವಾದ ಮಾತನ್ನಾಡಿ ಹೊರಟುಹೋದನು. ತಂದೆಯ ಶ್ರಾದ್ಧವೂ ಅಂದಿನಿಂದ ಎರಡು ಮನೆಗಳಲ್ಲಿ ಬೇರೆಬೇರೆ.

ಮಹಾಶಯರೇ, ನಮ್ಮ ಪೂಜಾಕ್ರಮವನ್ನು ಸ್ವಲ್ಪ ಸ್ಮರಿಸಿಕೊಳ್ಳಿರಿ. ಪ್ರತಿಮೆಯಲ್ಲಿ ಆವಾಹನೆ ಮಾಡುವಾಗ ಭಗವಂತನನ್ನು ನಾವು ದೂರದಿಂದ ಕರೆತರುವುದಿಲ್ಲ. ಹೃದಯಕಮಲದಲ್ಲಿರುವ ಬಿಂಬರೂಪಿಯನ್ನು ಚಿಂತಿಸಿ, ಶ್ವಾಸಮಾರ್ಗವಾಗಿ ಕೈಯಲ್ಲಿಯ ಪುಷ್ಪಕ್ಕೆ ಬಿಜಯಮಾಡಿಸಿ, ಅಲ್ಲಿಂದ ಪ್ರತಿಮೆಯಲ್ಲಿ ಸನ್ನಿಹಿತನಾಗೆಂದು ಪ್ರಾರ್ಥಿಸುತ್ತೇವೆ. ಪೂಜೆ ಮುಗಿದ ಮೇಲೆ ಅದೇ ದಾರಿಯಿಂದ ಮತ್ತೆ ಹೃದಯಕ್ಕೆ ಬಿಜಯಮಾಡಿಸಿಕೊಳ್ಳುತ್ತೇವೆ. ಅಂದರೆ ಪೂಜೆಯ ಮೊದಲ ಪೀಠವೂ ಕೊನೆಯ ಪೀಠವೂ ಹೃದಯವೇ. ದೇವರ ಮಂಟಪವನ್ನು ಒರೆಸುತ್ತೇವೆ, ಪಾತ್ರೆಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುತ್ತೇವೆ, ಮಡಿಯುಟ್ಟು ನೀರು ತರುತ್ತೇವೆ. ಆದರೆ ಅವನು ಹೊರಡುವ ಮತ್ತು ಮರಳುವ ಪೀಠವನ್ನು ಒರೆಸಿದೆವೇ? ಪ್ರಶ್ನೆ ಇದೊಂದೇ.

ಆ ಗೃಹಸ್ಥರಿಗೆ ನಾನು ಹೇಳಿದೆ: "ರಾಯರೇ, ಆ ಮುಖವನ್ನು ಅಟ್ಟಲು ಹೋಗಬೇಡಿರಿ, ಅಟ್ಟಿದಷ್ಟೂ ಬರುವುದು. ನಿಮ್ಮ ಹೃದಯದಲ್ಲಿರುವ ಸ್ವಾಮಿಯೇ ಆತನ ಹೃದಯದಲ್ಲಿಯೂ ಇದ್ದಾನೆ. ಜೀವಜೀವರಿಗೆ ಭೇದವುಂಟು, ಭಗವಂತನ ರೂಪರೂಪಗಳಿಗೆ ಭೇದವಿಲ್ಲ. ಆ ಮುಖ ಬಂದಾಗ, ಅದರ ಹಿಂದೆ ನಿಂತಿರುವ ಬಿಂಬನಿಗೆ ಮನಸ್ಸಿನಲ್ಲಿಯೇ ಒಂದು ತುಲಸೀದಳವನ್ನು ಅರ್ಪಿಸಿ, ಆಮೇಲೆ ಆವಾಹನೆಯನ್ನು ಮುಂದುವರಿಸಿರಿ."

ಇಲ್ಲಿ ವಾಯುದೇವರ ಮಹಿಮೆಯನ್ನು ನೆನೆಯಬೇಕು. ಛಾಂದೋಗ್ಯದ ಮೂರನೆಯ ಅಧ್ಯಾಯದಲ್ಲಿ ಹೃದಯಕ್ಕೆ ಐದು ದೇವದ್ವಾರಗಳನ್ನು ಹೇಳಿದೆ. ಪ್ರಾಣ, ವ್ಯಾನ, ಅಪಾನ, ಸಮಾನ, ಉದಾನರು ಅಲ್ಲಿಯ ದ್ವಾರಪಾಲಕರು. ಬಾಗಿಲು ಕಾಯುವವರನ್ನು ಅರಿಯದೆ ಅರಮನೆಯನ್ನು ಹೊಗುವವರುಂಟೇ? ಶ್ರೀ ಜಗನ್ನಾಥದಾಸರು ಹರಿಕಥಾಮೃತಸಾರದ ಶ್ವಾಸಸಂಧಿಯಲ್ಲಿ ಭಾರತೀರಮಣನು ಗಳಿಗೆಗೆ 360ರಂತೆ ದಿನಕ್ಕೆ 21,600 ಹಂಸಮಂತ್ರಜಪವನ್ನು ಪ್ರತಿ ಜೀವನಲ್ಲಿಯೂ ಮಾಡುತ್ತಿರುವನೆಂದು ನಿರೂಪಿಸಿರುವರು. ಗಳಿಗೆ ಎಂದರೆ 24 ನಿಮಿಷ. ಎಂದ ಮೇಲೆ ನಿಮಿಷಕ್ಕೆ 15 ಉಸಿರು. ವಿಶ್ರಾಂತಿಯಲ್ಲಿರುವ ಪ್ರಾಪ್ತವಯಸ್ಕನ ಉಸಿರು ನಿಮಿಷಕ್ಕೆ 12ರಿಂದ 20 ಎಂದು ಇಂದಿನ ವೈದ್ಯರೂ ಹೇಳುವರು. ಈ ಜಪವು ನಾವು ಮಲಗಿದಾಗಲೂ ನಿಲ್ಲುವುದಿಲ್ಲ, ಸಿಟ್ಟಿನಲ್ಲಿ ಹರಿಯನ್ನು ಮರೆತಾಗಲೂ ನಿಲ್ಲುವುದಿಲ್ಲ. ನಾವು ಯಾರನ್ನು ಕಂಡರೆ ಮುಖ ತಿರುಗಿಸುವೆವೋ ಅವರಲ್ಲಿಯೂ ಪ್ರಾಣದೇವರು ಬೇಸರಿಸದೆ ಅದೇ 21,600 ಜಪವನ್ನು ನಡೆಸುತ್ತಿರುವರು. ವಾಯುದೇವರು ಬಿಡದಿರುವ ಮನೆಯನ್ನು ನಾವು ಬಹಿಷ್ಕರಿಸಲು ಎಷ್ಟರವರು?

ಹಾಗಾದರೆ ಸಮತೋಲನವೆಂದರೆ ಎಲ್ಲರನ್ನೂ ಒಂದೇ ಎಂದು ಭಾವಿಸುವುದೇ? ಅಲ್ಲ. ತಾರತಮ್ಯವನ್ನು ಒಪ್ಪುವ ನಮಗೆ ಆ ಭ್ರಾಂತಿ ಬೇಡ. ಭಾಗವತದ ಏಕಾದಶಸ್ಕಂಧದಲ್ಲಿ ಈಶ್ವರನಲ್ಲಿ ಪ್ರೇಮ, ಭಕ್ತರಲ್ಲಿ ಮೈತ್ರಿ, ಅರಿಯದವರಲ್ಲಿ ಕೃಪೆ, ದ್ವೇಷಿಸುವವರಲ್ಲಿ ಉಪೇಕ್ಷೆ ಎಂದು ನಾಲ್ಕು ಬಗೆಯ ನಡತೆಯನ್ನು ಹೇಳಿದೆ. ಯಾವುದು ಯಾರಿಗೆ ಸಲ್ಲಬೇಕೋ ಅದನ್ನು ಅವರಿಗೆ ಸಲ್ಲಿಸುವುದೇ ಸಮತೋಲನ. ದ್ವೇಷಿಸುವವನ ವಿಷಯದಲ್ಲಿಯೂ ಹೇಳಿದ್ದು ಉಪೇಕ್ಷೆಯನ್ನೇ ಹೊರತು ಪ್ರತಿದ್ವೇಷವನ್ನಲ್ಲ ಎಂಬುದನ್ನು ಗಮನಿಸಿರಿ. ಇನ್ನು ಭಕ್ತಿಯ ಲಕ್ಷಣವನ್ನು ಶ್ರೀಮದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದಲ್ಲಿ ಹೇಳುವಾಗ ಮಹಿಮೆಯ ಜ್ಞಾನ ಮತ್ತು ದೃಢವಾದ ಸ್ನೇಹ ಎರಡನ್ನೂ ಕೂಡಿಸಿರುವರು. ಜ್ಞಾನವಿಲ್ಲದ ಸ್ನೇಹವು ಮೋಹವಾಗುವುದು. ಸ್ನೇಹವಿಲ್ಲದ ಜ್ಞಾನವು ಒಣಗುವುದು. ಹೃದಯದ ತಕ್ಕಡಿಯ ಎರಡು ತಟ್ಟೆಗಳು ಇವೇ ಆಗಿವೆ.

ನಮ್ಮ ಉಪಾಸನೆಯಲ್ಲಿ ಹೃದಯಕಮಲವನ್ನು ಎಂಟು ದಳವುಳ್ಳದ್ದೆಂದು ಚಿಂತಿಸುವರು. ಹಂಸೋಪನಿಷತ್ತು ಈ ದಳಗಳಿಗೆ ಒಂದೊಂದು ಮನೋವೃತ್ತಿಯನ್ನು ಹೇಳಿದೆ. ಪೂರ್ವದಳದಲ್ಲಿ ಪುಣ್ಯಬುದ್ಧಿ, ಆಗ್ನೇಯದಲ್ಲಿ ನಿದ್ರೆ ಆಲಸ್ಯಗಳು, ದಕ್ಷಿಣದಲ್ಲಿ ಕ್ರೂರಬುದ್ಧಿ, ಪಶ್ಚಿಮದಲ್ಲಿ ಕ್ರೀಡೆ, ಹೀಗೆ ಮುಂದುವರಿದು ನಡುವೆ ವೈರಾಗ್ಯ. ಬೆಳಿಗ್ಗೆ ದಾನ ಮಾಡಿದವನೇ ಮಧ್ಯಾಹ್ನ ನೆರೆಯವನ ಮೇಲೆ ಕಿಡಿಕಾರುವ ನಮ್ಮ ನಿತ್ಯದ ಅನುಭವಕ್ಕೆ ಇದಕ್ಕಿಂತ ಒಪ್ಪುವ ಚಿತ್ರವಿಲ್ಲ. ಒಂದೊಂದು ದಳವನ್ನೂ ತಿದ್ದುತ್ತ ಕುಳಿತರೆ ಆಯುಸ್ಸು ಸಾಲದು. ನಡುವಿನ ಕರ್ಣಿಕೆಗೆ, ಬಿಂಬನು ಕುಳಿತಿರುವ ಸ್ಥಾನಕ್ಕೆ ಮರಳುವುದನ್ನು ಅಭ್ಯಾಸ ಮಾಡಬೇಕು. "ನಾನು ಮಾಡಿದೆ, ನನಗೆ ಮಾಡಿದರು" ಎಂಬ ಲೆಕ್ಕವು ದಳಗಳ ಮೇಲಣ ತಿರುಗಾಟ. "ಅವನು ಮಾಡಿಸುವನು, ಅವನಿಗೆ ಅರ್ಪಿತ" ಎಂಬುದು ಕರ್ಣಿಕೆಯ ಮಾತು. ಅಷ್ಟರಿಂದ ನಮ್ಮ ತಪ್ಪಿನ ಹೊಣೆ ತಪ್ಪಿತೆಂದು ತಿಳಿಯಬಾರದು. ತಿದ್ದಿಕೊಳ್ಳುವ ಶಕ್ತಿಯನ್ನೂ ಅವನಲ್ಲಿಯೇ ಬೇಡಿಕೊಳ್ಳತಕ್ಕದ್ದು.

ಗೃಹಸ್ಥರು ಅನುಸರಿಸಬಹುದಾದ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಪ್ರಾತಃಕಾಲ ಆವಾಹನೆಗೆ ಮುಂಚೆ ಹತ್ತು ಉಸಿರಿನ ಕಾಲ ಸುಮ್ಮನೆ ಕುಳಿತು, "ಈ ಜಪವು ನನ್ನದಲ್ಲ, ಪ್ರಾಣದೇವರದು" ಎಂದು ಚಿಂತಿಸಬೇಕು. ಉಸಿರನ್ನು ಬಲವಂತವಾಗಿ ಹಿಡಿಯಬೇಕಾಗಿಲ್ಲ. ಮನಸ್ಸಿಗೆ ಚುಚ್ಚುವ ವ್ಯಕ್ತಿಯ ನೆನಪು ಬಂದರೆ ಅವರ ಅಂತರ್ಯಾಮಿಗೆ ನಮಸ್ಕರಿಸಬೇಕು. ರಾತ್ರಿ ಮಲಗುವಾಗ ಆ ದಿನ ತಿಂದ ಪೆಟ್ಟನ್ನೂ, ಕೊಟ್ಟ ಪೆಟ್ಟನ್ನೂ ಎರಡನ್ನೂ ಹರಿಗೆ ನಿವೇದಿಸಬೇಕು. ಮರುದಿನ ಸರಿಪಡಿಸಬಹುದಾದುದನ್ನು ಸರಿಪಡಿಸಬೇಕು. ಹೆಂಗಸರು, ಮಕ್ಕಳು, ವೃದ್ಧರು ಎಲ್ಲರೂ ಇದನ್ನು ಮಾಡಬಹುದು. ಆದರೆ ಎದೆನೋವು, ಉಬ್ಬಸಗಳು ಕಾಣಿಸಿದರೆ ಇದೇ ಚಿಕಿತ್ಸೆಯೆಂದು ಕುಳಿತುಕೊಳ್ಳದೆ ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು. ದೇಹವೂ ಅವನ ಪುರವೇ ಆದುದರಿಂದ ಅದರ ರಕ್ಷಣೆಯೂ ಸೇವೆಯೇ.

ಆ ಗೃಹಸ್ಥರು ಕೆಲವು ತಿಂಗಳ ಮೇಲೆ ಮತ್ತೆ ಬಂದರು. "ಆಚಾರ್ಯರೇ, ದಿನವೂ ತಮ್ಮನ ಬಿಂಬನಿಗೆ ತುಲಸಿ ಅರ್ಪಿಸುತ್ತ ಬಂದೆ. ಕೈಯಲ್ಲಿ ಸಾಲಿಗ್ರಾಮ ಹಿಡಿದುಕೊಂಡು ಕೊಡುವುದಿಲ್ಲ ಎನ್ನಲು ಒಂದು ದಿನ ನಾಚಿಕೆಯಾಯಿತು. ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಮುಂಚೆ ತೀರ್ಥದೊಂದಿಗೆ ನಾನೇ ತೆಗೆದುಕೊಂಡು ಹೋದೆ" ಎಂದರು. ತಮ್ಮನು ಏನೆಂದನೆಂದು ಕೇಳಿದೆ. "ಏನೂ ಹೇಳಲಿಲ್ಲ. ಮಡಿಯುಟ್ಟು ಬಂದು ಎರಡು ಕೈಯಲ್ಲಿ ತೆಗೆದುಕೊಂಡ. ಒಳಗಿನಿಂದ ಎಲೆ ಹಾಕಿದ ಸದ್ದು ಕೇಳಿಸಿತು. ನನ್ನದೂ ಒಂದು ಎಲೆ ಇತ್ತು." ಜಮೀನಿನ ವ್ಯಾಜ್ಯ ಅಷ್ಟಕ್ಕೇ ಬಗೆಹರಿಯಲಿಲ್ಲ. ಆದರೆ ಆ ವರ್ಷ ತಂದೆಯ ಶ್ರಾದ್ಧವು ಒಂದೇ ಮನೆಯಲ್ಲಿ ನಡೆಯಿತು. ಆವಾಹನೆಯ ಹೊತ್ತಿಗೆ ತಮ್ಮನ ಮುಖ ಈಗಲೂ ಬರುವುದುಂಟಂತೆ, ಅಡ್ಡವಾಗಿ ನಿಲ್ಲುವುದಿಲ್ಲವಂತೆ.

ಹೊಲದಲ್ಲಿ ಹೂತಿಟ್ಟ ಚಿನ್ನದ ನಿಧಿಯ ಮೇಲೆ ದಿನವೂ ಓಡಾಡುತ್ತ ಅದನ್ನು ಅರಿಯದವರ ದೃಷ್ಟಾಂತವು ದಹರವಿದ್ಯೆಯಲ್ಲಿಯೇ ಬಂದಿದೆ. ನಾವು ಅಂಥವರಾಗದೆ, ಈ ಮಧ್ವನವಮಿಯಂದು ಹೊರಗಿನ ಮಂಟಪದೊಂದಿಗೆ ಒಳಗಿನ ಪೀಠವನ್ನೂ ಒರೆಸಿ, ಶ್ರೀಮದಾಚಾರ್ಯರ ಅಂತರ್ಗತನಾದ ಬಿಂಬಮೂರ್ತಿಯನ್ನು ಅಲ್ಲಿ ಚಿಂತಿಸುವಂತಾಗಲಿ ಎಂದು ಪ್ರಾರ್ಥಿಸಿ ವಿರಮಿಸುವೆನು.

|| ಶ್ರೀ ಕೃಷ್ಣಾರ್ಪಣಮಸ್ತು ||