ಕರ್ತೃ ಯಾರು?

ಮನುಷ್ಯನು ತನ್ನ ಶ್ರಮವನ್ನು ಹಗುರ ಮಾಡಿಕೊಳ್ಳಲು ಹೊಸ ಹೊಸ ಸಾಧನಗಳನ್ನು ಹುಡುಕುವುದು ಲೋಕದಲ್ಲಿ ಸಹಜವಾದುದು. ಆದರೆ ಕೈಸೇರಿದ ಸೌಕರ್ಯವನ್ನು ಹಿಂದಕ್ಕೆ ಕೊಟ್ಟು, ಬಿಟ್ಟುಹೋದ ಶ್ರಮವನ್ನೇ ಮರಳಿ ಬೇಡುವವನು ಅಪೂರ್ವ. ಅಂಥವನೊಬ್ಬನು ಕಳೆದ ಮಾಘಮಾಸದಲ್ಲಿ ಗೋಕಾಕದ ನಮ್ಮ ಮನೆಗೆ ಬಂದಿದ್ದನು. ಅವನು ನನ್ನ ಹಳೆಯ ವಿದ್ಯಾರ್ಥಿ. ಮೂಡಲಗಿಯ ಬಳಿ ಕಬ್ಬಿನ ಹೊಲವುಳ್ಳವನು. ವಾಸ ನಮ್ಮ ಊರಿನಲ್ಲಿಯೇ. ತನ್ನ ಮೋಟಾರಿನಲ್ಲಿರುವ ಸ್ವಯಂಚಾಲಿತ ಗೇರನ್ನು ತೆಗೆಸಿ, ಕೈಯಿಂದ ಹಾಕುವ ಗೇರನ್ನೂ ಕಾಲಿನಿಂದ ತುಳಿಯುವ ಕ್ಲಚ್ಚನ್ನೂ ಕೂಡಿಸಬೇಕೆಂಬುದು ಅವನ ಸಂಕಲ್ಪ. “ಗುರುಗಳೇ, ಇದು ಯೋಗ್ಯವೋ ಅಯೋಗ್ಯವೋ?” ಎಂದು ಕೇಳಿದನು. ನಾನು ಯಂತ್ರಶಾಸ್ತ್ರವನ್ನು ಬಲ್ಲವನಲ್ಲ. ಆದರೂ ಈ ಪ್ರಶ್ನೆಯ ಒಡಲಲ್ಲಿ ಧರ್ಮದ ಪ್ರಶ್ನೆಯೊಂದು ಅಡಗಿದೆಯೆಂದು ತೋರಿದ್ದರಿಂದ ಅದನ್ನು ವಾಚಕರ ಮುಂದಿಡುತ್ತೇನೆ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯೋಣ. ಇಂಜಿನ್ನು ತಿರುಗುತ್ತಲೇ ಇರಬೇಕು. ಗಾಲಿಗಳಾದರೋ ಒಮ್ಮೆ ನಿಲ್ಲಬೇಕು, ಒಮ್ಮೆ ಓಡಬೇಕು, ಒಮ್ಮೆ ದಿಣ್ಣೆಯನ್ನೇರಬೇಕು. ಇವೆರಡನ್ನೂ ಹೊಂದಿಸುವ ಸಂಧಿಯೇ ಗೇರಿನ ಪೆಟ್ಟಿಗೆ. ಕೈಗೇರಿನ ಬಂಡಿಯಲ್ಲಿ ಈ ಸಂಧಿಯನ್ನು ಬಿಡಿಸುವುದೂ ಕೂಡಿಸುವುದೂ ಚಾಲಕನ ಎಡಗಾಲಿನ ಕೆಲಸ. ಸ್ವಯಂಚಾಲಿತ ಬಂಡಿಯಲ್ಲಿ ಎಡಗಾಲಿಗೆ ಕೆಲಸವೇ ಇಲ್ಲ. ಅಮೇರಿಕೆಯಲ್ಲಿ 1939ರಲ್ಲಿ ಪ್ರಕಟವಾಗಿ, 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಮೋಟಾರುಗಳಲ್ಲಿ ‘ಹೈಡ್ರಾಮ್ಯಾಟಿಕ್’ ಎಂಬ ಹೆಸರಿನಿಂದ ಈ ಸೌಕರ್ಯವು ಮಾರುಕಟ್ಟೆಗೆ ಬಂದಿತು. ಅದರಲ್ಲಿ ಎಣ್ಣೆಯ ಒತ್ತಡವೇ ಚಾಲಕನ ಕೆಲಸವನ್ನು ಮಾಡುತ್ತಿತ್ತು. ನಮ್ಮ ದೇಶದಲ್ಲಿ 2014ರಲ್ಲಿ ಬಂದ ಮಾರುತಿ ಸುಜುಕಿಯ ಸೆಲೆರಿಯೊ ಮೋಟಾರು, ಕೈಗೇರಿನ ಪೆಟ್ಟಿಗೆಗೇ ಯಂತ್ರದ ಕೈಕಾಲುಗಳನ್ನು ಜೋಡಿಸಿ, ಈ ಅನುಕೂಲವನ್ನು ಮಧ್ಯಮವರ್ಗದ ಮನೆಗಳಿಗೂ ತಲುಪಿಸಿತು.

ನಮ್ಮ ಶಿಷ್ಯನ ಬಂಡಿ ಎಣ್ಣೆಯ ಸಂಧಿಯುಳ್ಳದ್ದು. ಅದನ್ನು ಮಾರ್ಪಡಿಸುವುದು ಒಂದು ದಂಡವನ್ನು ನೆಟ್ಟಷ್ಟು ಸುಲಭವಲ್ಲ. ಪೆಟ್ಟಿಗೆಯನ್ನೇ ಬದಲಿಸಬೇಕು, ಕ್ಲಚ್ಚು ಕೂಡುವಂಥ ಫ್ಲೈವೀಲು, ಕ್ಲಚ್ಚಿನ ತಟ್ಟೆ, ಮೂರನೆಯ ಪೆಡಲು, ಅದರ ಕೊಳವೆ, ಗೇರಿನ ದಂಡ ಇವೆಲ್ಲ ಹೊಸದಾಗಿ ಬರಬೇಕು. ಬಂಡಿಯೊಳಗಿನ ಗಣಕಕ್ಕೂ ಹೊಸ ಪಾಠ ಹೇಳಬೇಕು. ಇಲ್ಲವಾದರೆ ಅದು ಇಲ್ಲದ ಪೆಟ್ಟಿಗೆಯನ್ನು ಹುಡುಕುತ್ತ ಇಂಜಿನ್ನಿನ ಬಲವನ್ನೇ ತಡೆಹಿಡಿಯಬಹುದು. ಇದರ ಮೇಲೆ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ಇದೆ. ನೋಂದಣಿಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿರ್ದೇಶಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಅದು ವಿಧಿಸುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಬಿಗಿಯಾಗಿಯೇ ಅರ್ಥಮಾಡಿದೆ. ಬಲ್ಲ ಕೆಲಸಗಾರರೆಲ್ಲರೂ “ಇದನ್ನು ಮಾರಿ ಕೈಗೇರಿನದನ್ನೇ ಕೊಳ್ಳಿರಿ” ಎಂದು ಅವನಿಗೆ ಹೇಳಿದ್ದರಂತೆ. ಆದರೆ ಆ ಬಂಡಿ ಅವನ ತಂದೆ ಕೊನೆಯದಾಗಿ ಕೊಂಡದ್ದು, ಮಾರಲು ಮನಸ್ಸಿಲ್ಲ.

ಅವನ ಪೂರ್ವಪಕ್ಷ ಹೀಗಿತ್ತು: “ಹುಕ್ಕೇರಿಯ ಹಾದಿಯಲ್ಲಿ ಎರಡೆರಡು ಟ್ರೇಲರುಗಳನ್ನೆಳೆಯುವ ಕಬ್ಬಿನ ಟ್ರಾಕ್ಟರನ್ನು ಹಿಂದೆ ಹಾಕುವಾಗ, ಬಲ ಬೇಕಾದ ಗಳಿಗೆ ನನಗೆ ತಿಳಿಯುತ್ತದೆ, ಯಂತ್ರಕ್ಕೆ ತುಸು ತಡವಾಗಿ ತಿಳಿಯುತ್ತದೆ. ನಾನು ಬಂಡಿಯನ್ನು ನಡೆಸುತ್ತಿಲ್ಲ; ಅದು ನಡೆಸಿದಂತೆ ನಾನು ಕುಳಿತಿದ್ದೇನೆ.”

ಈ ಮಾತು ನನಗೆ ಬಹಳ ಹಿಡಿಸಿತು. ಶರೀರವನ್ನು ರಥಕ್ಕೂ ಬುದ್ಧಿಯನ್ನು ಸಾರಥಿಗೂ ಮನಸ್ಸನ್ನು ಹಗ್ಗಕ್ಕೂ ಹೋಲಿಸಿದ ಕಠೋಪನಿಷತ್ತು ನೆನಪಾಯಿತು. ಹಗ್ಗವನ್ನು ಬಿಟ್ಟ ಸಾರಥಿ ಸಾರಥಿಯೇ? ನಮ್ಮ ನೆರೆಯ ಹುದಲಿಯೂ ನೆನಪಾಯಿತು. ಸುಮಾರು 52 ಮೀಟರು ಆಳಕ್ಕೆ ಧುಮುಕುವ ಘಟಪ್ರಭೆಯ ಬಲವು 1880ರ ದಶಕದಿಂದಲೇ ಗೋಕಾಕದಲ್ಲಿ ನೂಲಿನ ಗಿರಣಿಯನ್ನು ನಡೆಸಿದ್ದಿತು. ಅಲ್ಲಿಂದ ಬಹುದೂರವಲ್ಲದ ಹುದಲಿಗೆ 1937ರಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕೆ ಬಂದ ಮಹಾತ್ಮಾ ಗಾಂಧಿಯವರು, ಯಂತ್ರವು ಕಸಿದುಕೊಂಡ ನೂಲುವ ಶ್ರಮವನ್ನು ಬುದ್ಧಿಪೂರ್ವಕವಾಗಿ ಮರಳಿ ಹಿಡಿದವರು. ಹೀಗೆಲ್ಲ ಹೇಳಿ, “ನಿನ್ನ ಸಂಕಲ್ಪವು ಶ್ಲಾಘ್ಯವಾದುದು” ಎಂದು ಶಿಷ್ಯನನ್ನು ಕಳುಹಿಸಿದೆನು.

ಎರಡು ದಿನಗಳ ಮೇಲೆ ಅವನ ಅಕ್ಕನು ಬಂದಳು. ಆಕೆಯೂ ನನ್ನ ವಿದ್ಯಾರ್ಥಿನಿಯೇ. ಹುಕ್ಕೇರಿಯ ಕಡೆಯ ಒಂದು ಸಾಲೆಯಲ್ಲಿ ಶಿಕ್ಷಕಿ. ಬಾಲ್ಯದಲ್ಲಿ ಪೋಲಿಯೊ ತಗುಲಿ ಆಕೆಯ ಎಡಗಾಲು ಶಕ್ತಿಗುಂದಿದೆ. ದಿನಾಲು ಆ ಬಂಡಿಯನ್ನು ಸಾಲೆಗೆ ನಡೆಸಿಕೊಂಡು ಹೋಗುವವಳು ಆಕೆ. ತಮ್ಮನ ಕೈಗೆ ಅದು ಬರುವುದು ರವಿವಾರ. ಎಡಗಾಲಿಗೆ ಕೆಲಸವಿಲ್ಲದ ಬಂಡಿಯಾದುದರಿಂದಲೇ ಆಕೆಗೆ ಅದು ಸಾಧ್ಯವಾಗಿತ್ತು. ನನ್ನ ಮುಂದೆ ಶಿಷ್ಯನು ಇದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

“ತಮ್ಮನು ಕೆಟ್ಟವನಲ್ಲ, ಗುರುಗಳೇ” ಎಂದಳು. “ದಿನಾಲು ತಾನೇ ಬಿಟ್ಟು ಬರುವೆನೆನ್ನುತ್ತಾನೆ, ಬಿಟ್ಟೂ ಬರುವನು. ಆದರೆ ಈಗ ನಾನು ಸಾಲೆಗೆ ಹೋಗುತ್ತೇನೆ. ಆಮೇಲೆ ನಾನು ಒಯ್ಯಲ್ಪಡುತ್ತೇನೆ. ಕರ್ತರಿ, ಕರ್ಮಣಿ ಪ್ರಯೋಗಗಳ ಭೇದವನ್ನು ನೀವೇ ಕಲಿಸಿದಿರಿ.”

ನಾನು ನಿರುತ್ತರನಾದೆನು. ಕ್ರಿಯೆಯಲ್ಲಿ ಸ್ವಾತಂತ್ರ್ಯವುಳ್ಳವನನ್ನೇ ವ್ಯಾಕರಣವು ಕರ್ತೃವೆಂದು ಕರೆಯುತ್ತದೆ. ತಮ್ಮನ ದೂರೂ ಇದೇ ಆಗಿದ್ದಿತಲ್ಲವೇ? ತನ್ನ ಬಂಡಿಯಲ್ಲಿ ತಾನು ಕರ್ಮವಾದೆನೆಂದು ಅವನು ನೊಂದಿದ್ದನು. ಇಬ್ಬರೂ ಬೇಡುವುದು ಒಂದೇ ವಸ್ತುವನ್ನು. ಆದರೆ ಅವನಿಗೆ ಅದು ವಾರಕ್ಕೊಮ್ಮೆಯ ತೃಪ್ತಿ, ಆಕೆಗೆ ನಿತ್ಯಜೀವನ.

ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಒರಳಿನಲ್ಲಿ ಕುಟ್ಟಿದ ಶೇಂಗಾ ಚಟ್ನಿಯ ರುಚಿ ಯಂತ್ರದ್ದಕ್ಕೆ ಬಾರದೆಂದು ವಾದಿಸಿ, ನಮ್ಮ ಮನೆಗೆ ಮಿಕ್ಸರು ಬಾರದಂತೆ ನಾನು ಬಹು ವರ್ಷ ತಡೆದೆನು. ಶ್ರಮದ ಮಹಿಮೆಯನ್ನು ತರಗತಿಯಲ್ಲಿ ವರ್ಣಿಸಿದವನು ನಾನು. ಕುಟ್ಟಿದವಳು ನನ್ನ ಮನೆಯಾಕೆ. ಇಂದು ಆಕೆಯ ಬಲಗೈ ಹೆಗಲಿಗಿಂತ ಮೇಲಕ್ಕೆ ಏಳುವುದಿಲ್ಲ.

ಆದುದರಿಂದ ಸಿದ್ಧಾಂತವು ಹೀಗಾಗುತ್ತದೆ. ಸೌಕರ್ಯವನ್ನು ತೊರೆದು ಶ್ರಮವನ್ನು ಮರಳಿ ಹಿಡಿಯುವುದು ಶ್ಲಾಘ್ಯವೇ ಹೌದು. ಆದರೆ ಅದಕ್ಕೆ ಎರಡು ನಿಬಂಧನೆಗಳುಂಟು. ಆ ಶ್ರಮವು ಬೇಡಿದವನ ಮೈಮೇಲೆಯೇ ಬೀಳಬೇಕು. ಮತ್ತು ಅದರಿಂದ ಬೇರೊಬ್ಬರ ಕರ್ತೃತ್ವಕ್ಕೆ ಲೋಪ ಬರಬಾರದು. ಮಹಾತ್ಮರು ತಾವೇ ನೂಲುತ್ತಿದ್ದರು. ಬಡವರ ಕೈಗೆ ಕೆಲಸ ಬರಲೆಂದೂ ನೂಲುತ್ತಿದ್ದರು. ಅವರ ಹೆಸರನ್ನು ಶಿಷ್ಯನ ಪಕ್ಷಕ್ಕೆ ಎಳೆದಾಗ ನಾನು ಇವೆರಡನ್ನೂ ಮರೆತಿದ್ದೆನು. ಯಾವ ಕಾಯಿದೆಯನ್ನು ಬರಿಯ ಅಡ್ಡಿಯೆಂದೆಣಿಸಿದ್ದೆನೋ ಅದೇ ಕಾಯಿದೆ ಅಂಗವೈಕಲ್ಯವುಳ್ಳವರಿಗಾಗಿ ಮಾರ್ಪಡಿಸಿದ ವಾಹನಕ್ಕೆ ಸ್ಥಳವಿತ್ತಿದೆ.

“ಪ್ರೀತಿಯಿಂದ ಕರೆದೊಯ್ದರೂ ಪರಾಧೀನತೆಯೇ?” ಎಂದು ಯಾರಾದರೂ ಕೇಳಬಹುದು. ಮನೆಯವರು ಒಬ್ಬರನ್ನೊಬ್ಬರು ಆಶ್ರಯಿಸುವುದು ದೋಷವಲ್ಲ. ಜ್ವರ ಬಂದ ದಿನ ಅಕ್ಕನು ಸಂತೋಷದಿಂದ ತಮ್ಮನ ಪಕ್ಕದಲ್ಲಿ ಕುಳಿತಾಳು. ಆದರೆ ಇಂದು ಬೇಕೆಂದು ಹಿಡಿದು ನಾಳೆ ಬೇಡವೆಂದು ಬಿಡಬಹುದಾದ ಆಶ್ರಯ ಬೇರೆ. ಬೇರೆ ಹಾದಿಯನ್ನೇ ಮುಚ್ಚಿ ಕೊಟ್ಟ ಆಶ್ರಯ ಬೇರೆ. ಎರಡನೆಯದನ್ನು ಎಷ್ಟು ಅಕ್ಕರೆಯಿಂದ ಕೊಟ್ಟರೂ ಅದು ಬಂಧನವೇ.

ನಾನೇ ಶಿಷ್ಯನ ಮನೆಗೆ ಹೋಗಿ, ಕೊಟ್ಟ ಅಭಿಪ್ರಾಯವನ್ನು ಹಿಂದಕ್ಕೆ ತೆಗೆದುಕೊಂಡೆನು. ಅವನು ವಾದಿಸಲಿಲ್ಲ, ಬಹಳ ಹೊತ್ತು ಸುಮ್ಮನಿದ್ದು, “ಅಕ್ಕನನ್ನು ನಾನು ಕೇಳಲೇ ಇಲ್ಲ” ಎಂದನು. ಬಂಡಿ ಇದ್ದಂತೆಯೇ ಇದೆ. ಕಬ್ಬು ಸಾಗಿಸುವ ದಿನಗಳಲ್ಲಿ ತನ್ನ ಟ್ರಾಕ್ಟರನ್ನು ಈಗ ತಾನೇ ನಡೆಸುತ್ತಾನೆ. ರಾತ್ರಿಯೆಲ್ಲ ಕಾರ್ಖಾನೆಯ ಸರದಿಯಲ್ಲಿ ಕ್ಲಚ್ಚು ತುಳಿದು ಎಡಮೊಣಕಾಲು ನೋಯುತ್ತದೆಂದು ಮೊನ್ನೆ ನಗುತ್ತ ಹೇಳಿದನು. ಅವನು ಬೇಡಿದ ಶ್ರಮವು ಅವನಿಗೆ ದೊರೆತಿದೆ.

ನಮ್ಮ ಮನೆಗೂ ಮಿಕ್ಸರು ಬಂದಿದೆ. ಒರಳಿನ ಚಟ್ನಿಯೇ ಬೇಕೆಂದು ನನಗೆ ಅನಿಸಿದ ದಿನ ಹಾರೆಯನ್ನು ಹಿಡಿಯುವವನು ನಾನೇ. ಶೇಂಗಾ ಒಂದೆಡೆ ನುಣ್ಣಗಾದರೆ ಇನ್ನೊಂದೆಡೆ ತರಿಯಾಗಿಯೇ ಉಳಿಯುತ್ತದೆ. ಮನೆಯಾಕೆ ಏನೂ ಅನ್ನದೆ ತಿನ್ನುತ್ತಾಳೆ.