ಗೇರ್ ಬಾಕ್ಸ್ ಇಳಿಸುವ ಮೊದಲು

ಹಳೆಯ ಕಾರಿನ ಗೇರ್ ಲಿವರ್ ಅಲ್ಲಾಡತೊಡಗಿದರೆ ಮನಸ್ಸು ಸೀದಾ ದೊಡ್ಡ ಖರ್ಚಿನ ಕಡೆಗೇ ಓಡುತ್ತದೆ. ಗೇರ್ ಬಾಕ್ಸೇ ಹೋಯಿತು, ಇಳಿಸಬೇಕು, ಬಿಚ್ಚಬೇಕು, ಬಿಡಿಭಾಗ ಸಿಗುತ್ತದೋ ಇಲ್ಲವೋ ಎಂಬ ಚಿಂತೆ. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ ಮಾತು: ಹಳೇ ಗಾಡಿ, ಅಷ್ಟು ಆಡುವುದು ಇದ್ದದ್ದೇ, ಹೊಂದಿಕೊಂಡು ಹೋದರಾಯಿತು. ನನಗೆ ಎರಡೂ ಒಪ್ಪಿಗೆಯಿಲ್ಲ. ಹೀಗೆ ಹೇಳುವವರಲ್ಲಿ ಬಹುತೇಕರು ಲಿವರಿನ ಬುಡ ಬಿಚ್ಚಿ ನೋಡಿರುವುದೇ ಇಲ್ಲ.

ಮಜ್ದಾ ಕಂಪನಿಯ ಎಂಎಕ್ಸ್-5 ಕಾರನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿ ಅದರ ಹೆಸರು ಮಿಯಾಟಾ. 1989ರ ಫೆಬ್ರವರಿಯಲ್ಲಿ ಷಿಕಾಗೋ ಮೋಟಾರು ಪ್ರದರ್ಶನದಲ್ಲಿ ಅದು ಮೊದಲು ಕಾಣಿಸಿಕೊಂಡಾಗ, ಲೋಟಸ್ ಎಲಾನ್‌ನಂಥ ಹಗುರವಾದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಕಾಲ ಹೆಚ್ಚುಕಡಿಮೆ ಮುಗಿದೇಹೋಗಿತ್ತು. ಎರಡೇ ಸೀಟು, ಮಡಚಿಡುವ ಮೇಲ್ಛಾವಣಿ, 1.6 ಲೀಟರ್ ಎಂಜಿನ್, ಸಾವಿರ ಕಿಲೋ ಮೀರದ ತೂಕ. ಶಕ್ತಿಯ ಲೆಕ್ಕದಲ್ಲಿ ಹೆಮ್ಮೆಪಡುವಂಥದ್ದೇನೂ ಇರಲಿಲ್ಲ. ಆದರೂ 2016ರ ಹೊತ್ತಿಗೆ ಈ ಹೆಸರಿನ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಯೋಜನೆಯ ಮುಖ್ಯಸ್ಥ ತೋಷಿಹಿಕೊ ಹಿರಾಯಿ ತಮ್ಮ ತಂಡದ ಮುಂದಿಟ್ಟ ಗುರಿ 'ಜಿಂಬಾ ಇತ್ತಾಯ್', ಅಂದರೆ ಕುದುರೆಯೂ ಸವಾರನೂ ಒಂದೇ ಆಗುವುದು. ಜಾಹೀರಾತಿನ ಮಾತಿನಂತೆ ಕೇಳಿಸಿದರೂ, ಆ ಕಾರಿನ ಗೇರ್ ಲಿವರ್ ಹಿಡಿದವರಿಗೆ ಅದು ನಿಜವೆಂದು ಗೊತ್ತು.

ಆ ಲಿವರ್ ಒಂದು ಗೇರಿನಿಂದ ಇನ್ನೊಂದಕ್ಕೆ ಚಲಿಸುವುದು ಸುಮಾರು ಎರಡು ಇಂಚು ಅಷ್ಟೇ. ಮಣಿಕಟ್ಟು ಆಡಿಸಿದರೆ ಸಾಕು, ತೋಳು ಚಾಚಬೇಕಿಲ್ಲ. ಎಷ್ಟೋ ಕಾರುಗಳಲ್ಲಿ ಲಿವರಿಗೂ ಗೇರ್ ಬಾಕ್ಸಿಗೂ ನಡುವೆ ಸರಳುಗಳೋ ಕೇಬಲ್ಲುಗಳೋ ಇರುತ್ತವೆ. ಇದರಲ್ಲಿ ಲಿವರ್ ಗೇರ್ ಬಾಕ್ಸಿನ ಮೇಲೇ ನೇರವಾಗಿ ಕೂತಿದೆ. ಒಳಗಿನ ಹಲ್ಲುಗಳು ಒಂದನ್ನೊಂದು ಹಿಡಿಯುವುದು ಅಂಗೈಗೇ ತಿಳಿಯುತ್ತದೆ. ಈ ಸ್ಪರ್ಶಕ್ಕಾಗಿಯೇ ಜನ ಈಗಲೂ ಈ ಕಾರು ಹುಡುಕಿಕೊಂಡು ಹೋಗುತ್ತಾರೆ. ಅದು ಮಂಕಾದರೆ ಕಾರಿನ ಅರ್ಧ ಜೀವ ಹೋದ ಹಾಗೆ.

ಮಂಕಾಗುವುದು ಹೇಗೆ? ಲಿವರಿನ ಮಧ್ಯಭಾಗದಲ್ಲಿ ಉಕ್ಕಿನ ಗುಂಡು, ಕೆಳತುದಿಯಲ್ಲಿ ಇನ್ನೊಂದು ಚಿಕ್ಕ ಗುಂಡು. ಕೆಳಗಿನ ಗುಂಡಿಗೆ ನೈಲಾನಿನ ಒಂದು ಬುಷ್ ತೊಡಿಸಿರುತ್ತಾರೆ. ಬೆರಳ ತುದಿಗೆ ಸಿಕ್ಕಿಸಬಹುದಾದಷ್ಟು ಪುಟ್ಟದು. ಗೇರ್ ಬದಲಿಸುವಾಗ ಕೈಯ ಒತ್ತಡವೆಲ್ಲ ಅದರ ಮೂಲಕವೇ ಒಳಗಿನ ಸರಳಿಗೆ ದಾಟಬೇಕು. ಮೂವತ್ತು ವರ್ಷದಲ್ಲಿ ಅದು ಸವೆಯುತ್ತದೆ, ಸೀಳುತ್ತದೆ, ಕೆಲವೊಮ್ಮೆ ಪುಡಿಯಾಗಿಯೇ ಹೋಗಿರುತ್ತದೆ. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ಲಿವರ್ ಗಿಲಿಗಿಲಿ ಅನ್ನತೊಡಗುತ್ತದೆ. ಅದರ ಮೇಲಿರುವ ರಬ್ಬರ್ ಬೂಟು ಹರಿದಿದ್ದರಂತೂ ಕೆಳಗಿನ ಬಿಸಿ, ಸದ್ದು, ಎಣ್ಣೆಯ ವಾಸನೆ ಎಲ್ಲ ಕಾರಿನೊಳಗೆ. ಉಕ್ಕಿಗೆ ಏನೂ ಆಗಿರುವುದಿಲ್ಲ. ವಯಸ್ಸಾಗಿರುವುದು ರಬ್ಬರಿಗೆ, ನೈಲಾನಿಗೆ.

ರಿಪೇರಿಗೆ ಕಾರಿನ ಕೆಳಗೆ ಮಲಗಬೇಕಾಗಿಲ್ಲ, ಎಲ್ಲ ಮೇಲಿನಿಂದಲೇ ಆಗುತ್ತದೆ. ಎಂಜಿನ್ ಪೂರ್ತಿ ಆರಿರಬೇಕು. ಗೇರ್ ನ್ಯೂಟ್ರಲ್‌ನಲ್ಲಿ, ಕೈಬ್ರೇಕ್ ಬಿಗಿಯಾಗಿ. ಲಿವರಿನ ಹಿಡಿ ತಿರುಗಿಸಿ ತೆಗೆದು, ಎರಡು ಸೀಟುಗಳ ನಡುವಿನ ಕನ್ಸೋಲ್ ಎತ್ತಿ, ದೊಡ್ಡ ರಬ್ಬರ್ ಬೂಟನ್ನೂ ಅದರಡಿಯ ಹೊದಿಕೆಯನ್ನೂ ಸರಿಸಿದರೆ ಮೂರು ಬೋಲ್ಟುಗಳು ಕಾಣುತ್ತವೆ. ಅವನ್ನು ಬಿಚ್ಚುವ ಮೊದಲು ಸುತ್ತಲಿನ ದೂಳು ಒರೆಸಿಕೊಳ್ಳಬೇಕು, ಯಾಕೆಂದರೆ ಈಗ ತೆರೆದುಕೊಳ್ಳುವುದು ಗೇರ್ ಬಾಕ್ಸಿನ ಬಾಯಿ. ಲಿವರ್ ಮೇಲೆತ್ತಿದಾಗ ಕೆಳಗೆ ಕಾಣುವ ಗುಂಡಿಯಲ್ಲಿ ಎಣ್ಣೆ ಇರಬೇಕು. ಬಹಳ ಕಾರುಗಳಲ್ಲಿ ಅದು ಒಣಗಿರುತ್ತದೆ, ಅಥವಾ ಕಾಫಿಯ ಹಳೇ ಡಿಕಾಕ್ಷನ್ನಿನಂತೆ ಕಪ್ಪಾಗಿ, ಅದರಲ್ಲಿ ನೈಲಾನ್ ಚೂರುಗಳು ತೇಲುತ್ತಿರುತ್ತವೆ. ಈ ಎಣ್ಣೆ ಗೇರ್ ಬಾಕ್ಸಿನ ಉಳಿದ ಎಣ್ಣೆಯಿಂದ ಪ್ರತ್ಯೇಕ. ಕೆಳಗಿನ ಬೋಲ್ಟ್ ಬಿಚ್ಚಿದರೆ ಹರಿದುಹೋಗುವಂಥದ್ದಲ್ಲ. ಗೇರ್ ಆಯಿಲ್ ಬದಲಿಸಿಯಾಯಿತೆಂದು ನಿಶ್ಚಿಂತರಾಗಿರುವವರ ಕಾರಿನಲ್ಲೂ ಇದು ಹಳೆಯದೇ ಉಳಿದಿರುತ್ತದೆ. ಸಿರಿಂಜಿನಿಂದ ಎಳೆದು ತೆಗೆದು, ಬಟ್ಟೆಯಿಂದ ಒರೆಸಿ, ಒಳಗೆ ಉಳಿದ ಬುಷ್ ಚೂರುಗಳನ್ನು ಒಂದೂ ಬಿಡದೆ ಹೆಕ್ಕಬೇಕು. ಹೊಸ ಬುಷ್ ಟಿಕ್ ಎಂದು ಕೂರುತ್ತದೆ. ಹೊಸ ಬೂಟು ಹಾಕಿ, ನೂರು ಮಿಲಿಗೂ ಕಡಿಮೆ ಗೇರ್ ಆಯಿಲ್ ತುಂಬಿ ಮುಚ್ಚಿದರೆ ಮುಗಿಯಿತು. ಅಭ್ಯಾಸವಿದ್ದವರಿಗೆ ಒಂದೆರಡು ಗಂಟೆಯ ಕೆಲಸ.

ಎಲ್ಲ ತೊಂದರೆಗೂ ಬುಷ್ ಮದ್ದಲ್ಲ, ನಿಜ. ಚಳಿಯಲ್ಲಿ ಎರಡನೇ ಗೇರ್ ಕರಕರ ಎಂದರೆ ಅದು ಸಿಂಕ್ರೊ ರಿಂಗಿನ ಮಾತು. ನಿಂತ ಕಾರಿನಲ್ಲಿ ಮೊದಲ ಗೇರೂ ರಿವರ್ಸೂ ಬೀಳಲು ಹಠ ಮಾಡಿದರೆ ಕ್ಲಚ್‌ನ ಸ್ಲೇವ್ ಸಿಲಿಂಡರ್ ಸೋರುತ್ತಿದೆಯೇ ನೋಡಬೇಕು. ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಲಿವರ್ ಹಿಂದೆಮುಂದೆ ಜಿಗಿದರೆ ಎಂಜಿನ್ನಿನ ಅಥವಾ ಡಿಫರೆನ್ಷಿಯಲ್ಲಿನ ರಬ್ಬರ್ ಮೌಂಟುಗಳು ಸೋತಿರಬಹುದು. ಬರೀ ಸಡಿಲಕ್ಕೆ, ಗಿಲಿಗಿಲಿ ಸದ್ದಿಗೆ, ಗೇರ್ ಎಲ್ಲಿದೆ ಎಂದು ತಡಕಾಡುವುದಕ್ಕೆ ಮಾತ್ರ ಮೊದಲು ನೋಡಬೇಕಾದ್ದು ಬುಡವನ್ನೇ. ಈ ವಿಂಗಡಣೆ ಮಾಡದೆ ಸ್ಪ್ಯಾನರ್ ಹಿಡಿಯುವುದು ರೋಗಿಗೂ ಒಳ್ಳೆಯದಲ್ಲ, ವೈದ್ಯನಿಗೂ ಅಲ್ಲ.

ಸಡಿಲ ಲಿವರಿಗೆ ಪರಿಹಾರವೆಂದು ಶಾರ್ಟ್ ಶಿಫ್ಟರ್ ಹಾಕಿಸುವ ರೂಢಿಯೊಂದಿದೆ. ಅದನ್ನು ನಾನು ಒಪ್ಪುವುದಿಲ್ಲ. ತಿರುಗು ಗುಂಡಿನ ಜಾಗ ಬದಲಿಸಿ ಚಲನೆಯನ್ನು ಇನ್ನಷ್ಟು ಗಿಡ್ಡ ಮಾಡುವ ಆ ಭಾಗಕ್ಕೆ ಬುಷ್‌ಗಿಂತ ಎಷ್ಟೋ ಪಟ್ಟು ಹಣ ಬೇಕು. ಸವೆದ ಬೂಟನ್ನೂ ಒಣಗಿದ ಗುಂಡಿಯನ್ನೂ ಹಾಗೇ ಬಿಟ್ಟು ಅದನ್ನು ಕೂರಿಸಿದರೆ ಹಳೆಯ ರೋಗದ ಮೇಲೆ ಹೊಸ ಬಿಗಿತ ಸೇರುತ್ತದೆ, ಅಷ್ಟೇ. ಹಿರಾಯಿ ಅವರ ತಂಡ ಕೊಟ್ಟದ್ದನ್ನು ಮೊದಲು ಮರಳಿ ಪಡೆಯಬೇಕು. ಅದು ಸಾಲದೆನಿಸಿದರೆ ಆಮೇಲಿನ ಮಾತು.

ಇಷ್ಟೆಲ್ಲ ಸಾಧ್ಯವಾಗುವುದು ಆ ಪುಟ್ಟ ಭಾಗ ಅಂಗಡಿಯಲ್ಲಿ ಸಿಕ್ಕರೆ ಮಾತ್ರ. 2017ರಲ್ಲಿ ಮಜ್ದಾ ಜಪಾನಿನಲ್ಲಿ ತನ್ನ ಮೊದಲ ತಲೆಮಾರಿನ ಎಂಎಕ್ಸ್-5ಗಳನ್ನು ತಾನೇ ಪುನರುಜ್ಜೀವನಗೊಳಿಸುವುದಾಗಿ, ನಿಂತುಹೋಗಿದ್ದ ಕೆಲವು ಬಿಡಿಭಾಗಗಳನ್ನು ಮತ್ತೆ ತಯಾರಿಸುವುದಾಗಿ ಪ್ರಕಟಿಸಿತು. ಹೊಸ ಮಾದರಿಯೊಂದನ್ನು ಬಿಡುಗಡೆ ಮಾಡುವುದಕ್ಕಿಂತ ಇದು ದೊಡ್ಡ ಕೆಲಸವೆಂದು ನನ್ನ ಅನಿಸಿಕೆ.

ಎಂಎಕ್ಸ್-5 ಇಲ್ಲದವರಿಗೂ ಈ ಮಾತು ಸಲ್ಲುತ್ತದೆ. ಲಿವರಿನ ಕೆಳಗೆ, ಅಥವಾ ಅದರಿಂದ ಹೊರಟ ಸರಳಿನ ಕೀಲುಗಳಲ್ಲಿ, ಸವೆಯುವ ಬುಷ್ ಹೆಚ್ಚುಕಡಿಮೆ ಎಲ್ಲ ಹಳೆಯ ಮ್ಯಾನುಯಲ್ ಕಾರುಗಳಲ್ಲೂ ಇರುತ್ತದೆ. ನಿಮ್ಮ ಮನೆಯ ಹಳೆಯ ಕಾರಿನ ಗೇರ್ ಲಿವರ್ ಸಡಿಲವಾಗಿದ್ದರೆ, ಗ್ಯಾರೇಜಿನವರು ಗೇರ್ ಬಾಕ್ಸ್ ಇಳಿಸಬೇಕು ಎಂದ ಕೂಡಲೇ ಹೂಂ ಅನ್ನಬೇಡಿ. ಮೊದಲು ಬುಷ್ ನೋಡಿ ಎಂದು ಕೇಳಿ, ಬಿಚ್ಚುವಾಗ ಪಕ್ಕದಲ್ಲೇ ನಿಂತು ನೀವೂ ನೋಡಿ.