ಕೊಳಗ ಯಾರ ಕೈಲಿ?

ನಮ್ಮ ಹಿರೀಕರು ಒಡೆಯನ ಕಣದ ಅಂಚಿನಲ್ಲಿ ಗೋಣಿಚೀಲ ಹಿಡಿದು ನಿಂತವರು. ಒಡೆಯ ತನ್ನ ಕೊಳಗದಲ್ಲೇ ಅಳೆದು ಹಾಕ್ತಿದ್ದ. 'ಈ ಸಲ ಕೈ ಬಿಚ್ಚಿ ಕೊಟ್ಟಿದ್ದೀನಿ' ಅಂತ ಹೇಳೋನೂ ಅವನೇ. ದುಡಿದವರ ಪಾಲು ಅವನ ದಾನವಾಗಿ ಹೋಗ್ತಿತ್ತು. ಕೊಟ್ಟವನೇ ಅಳೆದರೆ ಅದು ಅಳತೆಯೇ? ಈ ಪ್ರಶ್ನೆ ಕಣದಲ್ಲೇ ಮುಗಿಯಲಿಲ್ಲ.

ಯುದ್ಧ, ಬರ, ಭೂಕಂಪಕ್ಕೆ ಸಿಕ್ಕ ಜನರಿಗೆ ಶ್ರೀಮಂತ ಸರ್ಕಾರಗಳು ನೆರವು ಕೊಡ್ತವೆ. ಆ ನೆರವು ಭೇದವಿಲ್ಲದೆ, ಅಗತ್ಯಕ್ಕೆ ತಕ್ಕಂತೆ ಸಲ್ಲಬೇಕು ಎಂದು 2003ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿ ಒಪ್ಪಿಕೊಂಡವು. ಮಾತಿನಂತೆ ನಡೆದವೇ? 2007ರಿಂದ 2011ರವರೆಗೆ ಸ್ಪೇನಿನ ಡಾರಾ ಎಂಬ ಸಂಸ್ಥೆ ಅವಕ್ಕೆ ಅಂಕ ಹಾಕಿತು. ಮೊದಲ ವರ್ಷ ಸ್ವೀಡನ್ನಿಗೆ ಮೊದಲ ಸ್ಥಾನ. ದಾನಿಯನ್ನು ಪರೀಕ್ಷೆಗೆ ಕೂರಿಸಿದ್ದು ಸಣ್ಣ ಮಾತಲ್ಲ, ಒಪ್ತೇವೆ. ಆದರೆ ಅಂಕಕ್ಕಾಗಿ ಮುಖ್ಯವಾಗಿ ಕೇಳಿದ್ದು ಹಣ ಪಡೆದು ಹಂಚುವ ಸಂಸ್ಥೆಗಳವರನ್ನು. ಸಾಲಿನ ಕೊನೇಲಿ ನಿಂತವರ ಮಾತಿಗೆ ಎಷ್ಟು ಅಂಕ?

ಆ ಕೊನೇಲಿ ಯಾರು ನಿಲ್ತಾರೆ ಅನ್ನೋದು ನಮ್ಮ ದೇಶದಲ್ಲಿ ಗುಟ್ಟೇನಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ಮೇಲೆ ತಮಿಳುನಾಡಿನ ನಾಗಪಟ್ಟಿಣದಲ್ಲಿ ದಲಿತರನ್ನು ಶಿಬಿರಗಳಿಂದ ದೂರ ಇಟ್ಟ, ನೀರಿನ ತೊಟ್ಟಿ ಮುಟ್ಟಗೊಡದ ವರದಿಗಳು ಬಂದವು. ಕಡಲು ಜಾತಿ ಕೇಳಲಿಲ್ಲ. ಅನ್ನ ಬಡಿಸೋ ಕೈ ಕೇಳ್ತು. ಎಷ್ಟು ಲಾರಿ ಬಂತು ಅನ್ನೋ ಲೆಕ್ಕದಲ್ಲಿ ಇದು ಕಾಣೋದಿಲ್ಲ.

ಅಷ್ಟು ದೂರ ಯಾಕೆ? 2020ರ ಲಾಕ್‌ಡೌನಿನಲ್ಲಿ ನಮ್ಮ ಜರಗನಹಳ್ಳಿಯಲ್ಲೂ ರೇಷನ್ ಕಿಟ್ ಹಂಚಿದರು. ಎಷ್ಟು ಕಿಟ್ ಅನ್ನೋದು ಬ್ಯಾನರಿನಲ್ಲಿ ಬಂತು. ಇಲ್ಲಿನ ಕಾರ್ಡಿಲ್ಲದ ಗಾರೆ ಕೆಲಸದ ಹೆಂಗಸೊಬ್ಬಳು ಬರಿಗೈಲಿ ವಾಪಸ್ ಹೋದದ್ದು ಬರಲಿಲ್ಲ. 'ಕೊಟ್ಟೋರ ಹೆಸ್ರು ಬರ್ದವ್ರೆ. ಸಿಕ್ಕದೆ ಹೋದೋರ ಹೆಸ್ರು ಯಾರು ಬರೀತಾರಣ್ಣ?' ಅಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ನಾವೂ ಹಂಚುವವರ ಜೊತೆಗೇ ನಿಂತಿದ್ದೆವು.

ಹಾಗಾದರೆ ಕೊಳಗವನ್ನು ಪಡೆಯುವವರ ಕೈಗೆ ಕೊಟ್ಟರೆ ಮುಗೀತೇ? ಇಲ್ಲ. 'ಕಮ್ಮಿ ಆಯ್ತು ಅಂದ್ರೆ ನಾಳೆ ಇದೂ ಸಿಗದೆ ಹೋದ್ರೆ?' ಎಂಬ ಭಯದಲ್ಲಿ ಆ ಕೈ ನಡುಗ್ತದೆ. ನಡುಗೋ ಕೈ ಹಾಕಿದ ಅಂಕ ಸುಳ್ಳು. ನೆರವು ಕೃಪೆಯಾಗಿರುವಷ್ಟು ಕಾಲ ಅಳತೆ ನಿಜವಾಗದು. ಹಕ್ಕಾದಾಗಲೇ ನಾಲಿಗೆಗೆ ಧೈರ್ಯ ಬರೋದು.

ಗೆಳೆಯರೇ, ಕೊಟ್ಟವರ ಪಟ್ಟಿಯ ಪಕ್ಕದಲ್ಲಿ ಸಿಗದವರ ಪಟ್ಟಿಯೂ ಇರಲಿ. ದಾನಿ ಸ್ಟಾಕ್‌ಹೋಮಿನವನಾಗಲಿ, ನಮ್ಮ ಬೀದಿಯವನಾಗಲಿ, ಮೊದಲು ಆ ಪಟ್ಟಿ ಓದಲಿ. ಆಮೇಲೆ ಅಂಕದ ಮಾತು.